ಅಂಬಾಸಿಡರ್‌ನ ಹಿಂದಿನ ಕಮಾನ್ ಪಾಟಾ ಮತ್ತೆ ಜೋಡಿಸುವುದು: ಕೊನೆಯ ಬಿಗಿ ಗಾಲಿ ನೆಲಕ್ಕೆ ಬಂದ ಮೇಲೆ

ನನ್ನ ಹತ್ತಿರ 1977ರ ಒಂದು ಅಂಬಾಸಿಡರ್ ಇದೆ, ಮಾರ್ಕ್ 3. ಕಲಬುರಗಿಯ ಸೇಡಂ ರಸ್ತೆ ಕಡೆ ಮನೆ. ಮನೆ ಪಕ್ಕ ತಗಡಿನ ಶೆಡ್, ಒಳಗೆ ಶಹಾಬಾದ್ ಪರ್ಸಿ ಹಾಸಿದ ನೆಲ. ಎರಡು ವರ್ಷದ ಹಿಂದೆ ಇದರ ಹಿಂದಿನ ಸಸ್ಪೆನ್ಷನ್, ಅಂದರೆ ಕಮಾನ್ ಪಾಟಾ (ಲೀಫ್ ಸ್ಪ್ರಿಂಗ್: ಒಂದರ ಮೇಲೊಂದು ಇಟ್ಟು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳು, ಒಂದೊಂದು ಪಟ್ಟಿಗೂ ಪಾಟಾ ಅಂತಲೇ ಹೆಸರು), ಪೂರ್ತಿ ಬಿಚ್ಚಿದೆ. ಉಜ್ಜಿದೆ, ಬಣ್ಣ ಹಚ್ಚಿದೆ, ಹೊಸ ಬುಶ್ ತಂದು ಹಾಕಿದೆ, ಎಲ್ಲ ಬೋಲ್ಟ್ ಗಟ್ಟಿಯಾಗಿ ಬಿಗಿದೆ, ಆಮೇಲೆ ಜಾಕ್ ಇಳಿಸಿದೆ. ಹದಿನೈದು ದಿನ ಖುಷಿಯೋ ಖುಷಿ. ಆಮೇಲೆ ಪ್ರತಿ ಹಂಪ್‌ಗೂ ಹಿಂದಿನಿಂದ ಕಿರ್ ಅಂತ ಸದ್ದು ಶುರುವಾಯಿತು. ಗಾಡಿಯ ಹಿಂಭಾಗ ಮೊದಲಿಗಿಂತ ಎತ್ತರ ನಿಂತಿತ್ತು, ಅದನ್ನು ನೋಡಿ ಹೊಸದಾಗಿ ಜೋಡಿಸಿದ್ದು ಅಲ್ವಾ, ಹಾಗೇ ಇರುತ್ತೆ ಅಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಬುಶ್‌ನ ರಬ್ಬರ್ ಹರಿದು ಹೊರಗೆ ಇಣುಕತೊಡಗಿತು.

ಲಾರಿಗಳ ಕಮಾನ್ ಪಾಟಾ ಕೆಲಸ ಮಾಡುವ ಒಬ್ಬ ಚಾಚಾ ಹತ್ತಿರ ಗಾಡಿ ಒಯ್ದೆ. ಅವರು ಬಗ್ಗಿ ಒಂದು ಸಲ ನೋಡಿದರು, ಅಷ್ಟೇ. "ಗಾಡಿ ಮ್ಯಾಲ ಎತ್ತಿಟ್ಟೇ ಬೋಲ್ಟ್ ಬಿಗಿ ಮಾಡೀರಿ, ಹೌದಲ್ರಿ?" ಹೌದು ಚಾಚಾ ಅಂದೆ. "ಗಾಲಿ ನೆಲಕ್ಕ ಹತ್ತಿದ ಮ್ಯಾಲ ಬಿಗಿ ಮಾಡ್ಬೇಕ್ರಿ ಸರ. ಜೋತು ಬಿದ್ದಾಗ ಬಿಗಿದ್ರ ರಬ್ಬರ್ ಹರೀಲಾರದೇ ಏನ್ ಮಾಡ್ತದ?"

ಇಡೀ ಲೇಖನ ಆ ಒಂದು ಮಾತಿನ ಸುತ್ತ ಇದೆ. ಉಳಿದದ್ದೆಲ್ಲ ಆ ಕೊನೆಯ ಬಿಗಿಗೆ ತಯಾರಿ ಅಂತಲೇ ಓದಿಕೊಳ್ಳಿ.

ಮೊದಲು, ಯಾಕೆ ಅಂತ ಹೇಳಿಬಿಡುತ್ತೇನೆ. ಪಾಟಾದ ಕಣ್ಣಿನಲ್ಲಿ (ತುದಿಯ ಬಳೆಯಂಥ ಸುತ್ತಿನಲ್ಲಿ) ಕೂರುವ ಬುಶ್ ಅಂದರೆ ಒಂದು ಉಕ್ಕಿನ ಕೊಳವೆ, ಅದರ ಸುತ್ತ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅದು ತಿರುಗುವುದೇ ಇಲ್ಲ. ಗಾಡಿ ಏಳುವಾಗ ಬೀಳುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಗಾಲಿ ಜೋತು ಬಿದ್ದಾಗ ಬಿಗಿದರೆ ರಬ್ಬರ್‌ಗೆ ಅದೇ ವಿಶ್ರಾಂತಿ ಜಾಗ. ಗಾಡಿ ನೆಲಕ್ಕೆ ಇಳಿಸಿದ ಕೂಡಲೇ ಅದು ಪೂರ್ತಿ ತಿರುಚಿಕೊಂಡು ನಿಲ್ಲುತ್ತದೆ, ರಾತ್ರಿ ಹಗಲು, ಗಾಡಿ ಓಡದೇ ನಿಂತಾಗಲೂ. ಒದ್ದೆ ಬಟ್ಟೆ ಹಿಂಡಿ, ಹಾಗೇ ಹಿಡಿದುಕೊಂಡು ನಿಂತ ಹಾಗೆ. ಮೇಲಿಂದ ಅದು ಸುಮ್ನೆ ಗಾಡಿಯನ್ನು ಎತ್ತಿ ಹಿಡಿಯುತ್ತದೆ. ನನ್ನ ಗಾಡಿ ಎತ್ತರ ನಿಂತಿದ್ದು ಪಾಟಾದ ತಾಕತ್ತಿನಿಂದ ಅಲ್ಲ, ಇದರಿಂದ.

ಶುರು ಮಾಡುವ ಮುಂಚೆ

ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡುವ ಸರಳು), ಹಿಂದೆ ಕಮಾನ್ ಪಾಟಾ. ಹಿಂದಿನದು ಎತ್ತಿನ ಗಾಡಿಯಷ್ಟೇ ಸರಳ ಅಂತ ಹೇಳುವವರಿದ್ದಾರೆ. ಸರಳ ಹೌದು, ಆದರೆ ಭಾರ ಜಾಸ್ತಿ. ಹಿಂದಿನ ಎರಡು ಗಾಲಿಗೂ ತಿರುವು ಹಂಚುವ ಡಿಫರೆನ್ಷಿಯಲ್ ಸಮೇತ ಇಡೀ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್‌ನ ಕವಚ, ಒಬ್ಬರೇ ಎತ್ತುವ ವಸ್ತು ಅಲ್ಲ. ಒಬ್ಬ ಜೊತೆಗಾರ ಬೇಕೇ ಬೇಕು. ನನಗೆ ಸಿಕ್ಕಿದ್ದು ಅಕ್ಕನ ಮಗ. ಅವನು ಪಾನಾ ಕೇಳಿದರೆ ಮೊಬೈಲ್ ನೋಡುತ್ತಾ ಇಕ್ಕಳ ಕೊಡುವವನು, ಆದರೂ ಎತ್ತುವ ಹೊತ್ತಿಗೆ ಕೈ ಕೊಡಲಿಲ್ಲ.

ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ತಗಡಿನ ಶೆಡ್ ಕೆಳಗೆ ಮಧ್ಯಾಹ್ನ ಮಲಗಿ ನಟ್ಟು ಬಿಗಿಯಲು ಹೋದರೆ ಬೆವರು ಕಣ್ಣಿಗೆ ಇಳಿಯುತ್ತದೆ, ತಲೆ ಓಡುವುದಿಲ್ಲ, ಆಗಲೇ ತಪ್ಪಾಗುವುದು.

ಸ್ಟ್ಯಾಂಡ್ ವಿಷಯ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ, ಯಾವ ಕಾರಣಕ್ಕೂ ಬೇಡ, "ಒಂದೇ ನಿಮಿಷ" ಅಂತಲೂ ಬೇಡ. ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಬಾಡಿಯನ್ನು ಎರಡು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಪಾಟಾದ ಮುಂದಿನ ಬ್ರಾಕೆಟ್‌ಗಿಂತ ಸ್ವಲ್ಪ ಮುಂದೆ, ತಳದ ಗಟ್ಟಿ ಭಾಗಕ್ಕೆ ಕೊಟ್ಟು. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಪರ್ಸಿ ಕಲ್ಲನ್ನು ನಂಬಬೇಡಿ. ಮೇಲೆ ನೋಡಲು ಬಂಡೆ ಥರ ಇರುತ್ತದೆ. ಕೆಳಗೆ ಮಣ್ಣು ಕುಸಿದು ಪೊಳ್ಳಾಗಿದ್ದರೆ ಸ್ಟ್ಯಾಂಡ್‌ನ ನಾಲ್ಕು ಕಾಲಿನ ಭಾರಕ್ಕೆ ಟಪ್ ಅಂತ ಸೀಳುತ್ತದೆ. ನನ್ನ ಶೆಡ್‌ನಲ್ಲಿ ಒಂದು ಕಲ್ಲು ಹಾಗೇ ಸೀಳಿತು, ಪುಣ್ಯಕ್ಕೆ ನಾನು ಚಹಾ ಕುಡಿಯಲು ಎದ್ದಿದ್ದೆ. ಆವತ್ತಿನಿಂದ ಮೊದಲು ಹತೋಡಿಯಿಂದ ಕಲ್ಲು ತಟ್ಟಿ ಸದ್ದು ಕೇಳುತ್ತೇನೆ. ಟೊಳ್ಳು ಸದ್ದು ಬಂದರೆ ಜಾಗ ಬದಲಿಸುತ್ತೇನೆ, ಇಲ್ಲದಿದ್ದರೂ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಇಡುತ್ತೇನೆ.

ಪಾನಾ ಇಂಚಿನದು ಬೇಕು. ಇದು ಇಂಗ್ಲಿಷ್ ಗಾಡಿಯ ಮೊಮ್ಮಗ, ಬೋಲ್ಟ್‌ಗಳು ಇಂಚಿನ ಸಣ್ಣ ಎಳೆಯವು. 3/8 ಇಂಚಿನ ಬೋಲ್ಟ್‌ಗೆ 9/16 ಪಾನಾ, 7/16ಕ್ಕೆ 5/8, ಅರ್ಧ ಇಂಚಿಗೆ 3/4. ಮನೆಯಲ್ಲಿ ಮಿಲಿಮೀಟರ್ ಸೆಟ್ ಮಾತ್ರ ಇದ್ದರೆ 19 ನಂಬರ್ ಪಾನಾ 3/4ಕ್ಕೆ ಹೆಚ್ಚುಕಡಿಮೆ ಕೂರುತ್ತದೆ, 16 ನಂಬರ್ 5/8ಕ್ಕೆ ನಡೆಯುತ್ತದೆ, ಆದರೆ 9/16ಕ್ಕೆ 14 ಹೋಗುವುದಿಲ್ಲ, 15 ಜಾರಿ ಮೂಲೆ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಅಪಾಯ ನಟ್ಟಿನದು. ಸಣ್ಣ ಎಳೆಯ 10 ಮಿಮೀ ನಟ್ಟು 3/8 ಬೋಲ್ಟ್ ಮೇಲೆ ಹೋಗಿಬಿಡಬಹುದು, ಯಾಕೆಂದರೆ ಬೋಲ್ಟ್ 9.5 ಮಿಮೀ ಅಷ್ಟೇ. ಬಿಗಿಯಾದ ಹಾಗೆ ಅನ್ನಿಸುತ್ತದೆ ಕೂಡ. ಎಳೆ ಮಾತ್ರ ಹಿಡಿದಿರುವುದಿಲ್ಲ. ಬಿಚ್ಚುವಾಗಲೇ ಬೋಲ್ಟು ನಟ್ಟು ಜೋಡಿ ಮಾಡಿ, ಹಳೇ ಹಾಲಿನ ಪ್ಯಾಕೆಟ್‌ಗಳಲ್ಲಿ ಹಾಕಿ, ಚೀಟಿ ಬರೆದಿಡಿ.

ಪಾಟಾ ಮತ್ತು ಬ್ರಾಕೆಟ್ ಪರೀಕ್ಷೆ

ಅವಸರ ಬೇಡ, ಇಲ್ಲಿ ಒಂದು ದಿನ ಹೋದರೂ ಸರಿ. ಎರಡೂ ಪಾಟಾ ಪಕ್ಕ ಪಕ್ಕ ಮಲಗಿಸಿ. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಕಟ್ಟಿ, ಪಾಟಾಗಳನ್ನು ನಡುವೆ ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ಹತ್ತಿರ ದಾರಕ್ಕೂ ಪಾಟಾಕ್ಕೂ ಎಷ್ಟು ಅಂತರ ಅಂತ ಅಳೆಯಿರಿ. ಎರಡರ ಕಮಾನು ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮ ಗಾಡಿಗಳಲ್ಲಿ ಡ್ರೈವರ್ ಕಡೆಯದು, ಅಂದರೆ ಬಲಗಡೆಯದು, ಜಾಸ್ತಿ ಕುಸಿದಿರುತ್ತದೆ. ಒಬ್ಬರೇ ಓಡಿಸುವುದೇ ಹೆಚ್ಚು ಅಲ್ವಾ.

ನನ್ನದರಲ್ಲಿ ಒಂದು ವಿಚಿತ್ರ ಇತ್ತು. ಬಲಗಡೆ ಐದು ಪಾಟಾ, ಎಡಗಡೆ ಆರು. ಗಾಡಿ ಹಿಂದೆ ತೊಗರಿ ವ್ಯಾಪಾರಿಯೊಬ್ಬರ ಬಳಿ ಇತ್ತಂತೆ, ಚೀಲ ಹೇರಲು ಯಾರೋ ಒಂದು ಕಡೆ ಮಾತ್ರ ಬೇರೆ ಯಾವುದೋ ಗಾಡಿಯ ಪಾಟಾ ಕತ್ತರಿಸಿ ತುರುಕಿದ್ದಾರೆ. ನಿಮ್ಮ ಗಾಡಿಯಲ್ಲೂ ಇಂಥದ್ದು ಸಿಗಬಹುದು. ಎರಡೂ ಕಡೆ ಎಣಿಸಿ, ದಪ್ಪ ಅಳೆಯಿರಿ, ಆಮೇಲೆ ಮುಂದಿನ ಮಾತು.

ಪಾಟಾ ಬಿಡಿಸುವಾಗ ಹುಷಾರು. ಸೆಂಟರ್ ಬೋಲ್ಟ್ ಬಿಚ್ಚಿದ ಕೂಡಲೇ ಪಾಟಾಗಳು ಒಂದನ್ನೊಂದು ತಳ್ಳಿ ಹಾರುತ್ತವೆ. ಬೋಲ್ಟ್‌ನ ಎರಡೂ ಪಕ್ಕ ದೊಡ್ಡ ಕ್ಲಾಂಪ್ ಹಾಕಿ, ಬೋಲ್ಟ್ ತೆಗೆದು, ಕ್ಲಾಂಪ್‌ಗಳನ್ನು ಸರದಿಯಲ್ಲಿ ಚೂರುಚೂರೇ ಸಡಿಲಿಸಿ. ಮುಖ ಅದರ ಎದುರಿಗೆ ಇರಬಾರದು. ಒಂದೊಂದು ಪಾಟಾವನ್ನೂ ತಂತಿ ಬ್ರಷ್‌ನಿಂದ ಉಜ್ಜಿ, ಸೆಂಟರ್ ಬೋಲ್ಟ್ ತೂತಿನ ಸುತ್ತ ಬೆಳಕು ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಅಲ್ಲೇ ಶುರುವಾಗುವುದು. ಸೀಮೆಎಣ್ಣೆಯಲ್ಲಿ ಒರೆಸಿ ಒಣಗಿಸಿ, ಮೇಲೆ ಸುಣ್ಣದ ತಿಳಿ ಬಳಿದರೆ ಬಿರುಕಿನೊಳಗಿನ ಎಣ್ಣೆ ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ಹಳೇ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಬಿರುಕು ಕಂಡರೆ ವೆಲ್ಡಿಂಗ್ ಮಾಡಿಸಬೇಡಿ, ಆ ಪಾಟಾ ಗುಜರಿಗೆ. ವೆಲ್ಡಿಂಗ್‌ನ ಬಿಸಿಗೆ ಪಾಟಾದ ಹದ ಹೋಗುತ್ತದೆ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಕುಸಿದ ಪಾಟಾಕ್ಕೆ ಮತ್ತೆ ಕಮಾನು ಕೊಡಿಸಬಹುದು. ಅದಕ್ಕೆ ಲಾರಿ ಪಾಟಾ ಕೆಲಸದವರೇ ಸರಿ. ಹುಮ್ನಾಬಾದ್ ರಸ್ತೆ, ರಿಂಗ್ ರಸ್ತೆ ಕಡೆ ಸುತ್ತಿದರೆ ಸಿಗುತ್ತಾರೆ. ಕೇಳಬೇಕಾದ್ದು ಒಂದೇ: ಕುಲುಮೆಯಲ್ಲಿ ಇಡೀ ಪಾಟಾ ಒಂದೇ ಸಮ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಹದ ಕೊಡುತ್ತೀರಾ, ಅಥವಾ ತಣ್ಣಗೇ ಬಡಿದು ಕಮಾನು ಏರಿಸುತ್ತೀರಾ? ಎರಡೂ ಸರಿ. ಗ್ಯಾಸ್ ಕಟರ್ ಬೆಂಕಿಯಲ್ಲಿ ನಡುವೆ ಮಾತ್ರ ಕೆಂಪಗೆ ಕಾಯಿಸಿ ಬಗ್ಗಿಸುವುದು ಕಂಡರೆ ಪಾಟಾ ಎತ್ತಿಕೊಂಡು ವಾಪಸ್ ಬನ್ನಿ.

ಇನ್ನು ಬಾಡಿಯ ಬ್ರಾಕೆಟ್. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಪಾಟಾ ನೇರ ಬಾಡಿಗೇ ಕಟ್ಟಿರುತ್ತದೆ. ಬ್ರಾಕೆಟ್ ಸುತ್ತ ಹಳೇ ಸ್ಕ್ರೂಡ್ರೈವರ್‌ನಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ತಗಡು ಒಳಗೆ ಹೋದರೆ ಜೋಡಣೆ ಅಲ್ಲಿಗೆ ನಿಲ್ಲಿಸಿ, ಮೊದಲು ತಗಡಿನ ಕೆಲಸ. ವೆಲ್ಡಿಂಗ್‌ಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಕಳಚಿ ಶೆಡ್‌ನಿಂದ ಹೊರಗೆ ದೂರ ಇಡಿ. ಡಿಕ್ಕಿ ಕೆಳಗೇ ಇದೆ ಅದು. ಖಾಲಿ ಟ್ಯಾಂಕ್ ಇನ್ನೂ ಅಪಾಯ, ಒಳಗೆ ತುಂಬಿರುವುದು ಆವಿ.

ಬಣ್ಣದ ಬಗ್ಗೆ ಒಂದು ಮಾತು. ಪಾಟಾ, ಹೌಸಿಂಗ್, ಪ್ಲೇಟ್ ಎಲ್ಲ ಫಳಫಳ ಹೊಳೆಯಲಿ ಅಂತ ಮೂರು ನಾಲ್ಕು ಕೋಟ್ ಹಚ್ಚುವ ಆಸೆ ನನಗೂ ಇತ್ತು. ಯು ಬೋಲ್ಟ್ (ಆಕ್ಸಲ್ ಅನ್ನು ಪಾಟಾಕ್ಕೆ ಕಟ್ಟುವ U ಆಕಾರದ ಬೋಲ್ಟ್) ಕೆಳಗೆ, ಪಾಟಾ ಕೂರುವ ಮುಖದ ಮೇಲೆ ದಪ್ಪ ಬಣ್ಣ ಬೇಡ. ಭಾರಕ್ಕೆ ಬಣ್ಣ ಜಜ್ಜಿ ತೆಳುವಾಗುತ್ತದೆ, ಎಷ್ಟು ತೆಳುವಾಯಿತೋ ಅಷ್ಟು ಬೋಲ್ಟ್ ಸಡಿಲ. ಆ ಮುಖಗಳಿಗೆ ಒಂದು ತೆಳು ಪ್ರೈಮರ್ ಸಾಕು.

ಪಾಟಾ ಕಟ್ಟುವುದು, ಬುಶ್ ಕೂರಿಸುವುದು

ಪಾಟಾಗಳ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಬಳಿಯಿರಿ. ತೆಳ್ಳಗೆ ಅಂದರೆ ರೊಟ್ಟಿಗೆ ಎಣ್ಣೆ ಸವರಿದ ಹಾಗೆ, ಶೇಂಗಾ ಹಿಂಡಿ ಮೆತ್ತಿದ ಹಾಗೆ ಅಲ್ಲ. ಜಾಸ್ತಿ ಹಚ್ಚಿದರೆ ನಮ್ಮ ಕರಿ ಮಣ್ಣಿನ ಧೂಳು ಅಂಟಿ ಅರೆಯುವ ಪುಡಿ ಆಗುತ್ತದೆ. ಉದ್ದನೆಯ ಎಳೆಯ ಸರಳು ಅಥವಾ ಕ್ಲಾಂಪ್‌ನಿಂದ ಒತ್ತಿ, ಹೊಸ ಸೆಂಟರ್ ಬೋಲ್ಟ್ ಹಾಕಿ. ಹಳೆಯದು ಬೇಡ, ಅದರ ಬೆಲೆ ಒಂದು ಹೊತ್ತಿನ ಊಟಕ್ಕಿಂತ ಕಮ್ಮಿ. ಬೋಲ್ಟ್ ತಲೆ ಯಾವ ಕಡೆ? ಹೌಸಿಂಗ್‌ಗೆ ತಾಗುವ ಕಡೆ. ನನ್ನ ಗಾಡಿಯಲ್ಲಿ ಆಕ್ಸಲ್ ಪಾಟಾದ ಮೇಲೆ ಕೂರುತ್ತದೆ, ಹಾಗಾಗಿ ತಲೆ ಮೇಲೆ. ಆ ತಲೆಯೇ ಹೌಸಿಂಗ್‌ನ ತೂತಿನಲ್ಲಿ ಕೂತು ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು. ಪಕ್ಕದ ಪಟ್ಟಿ ಕ್ಲಿಪ್‌ಗಳನ್ನು ಬಿಗಿಯಾಗಿ ಹಿಸುಕಬೇಡಿ, ಪಾಟಾ ಜಾರಲು ಜಾಗ ಬೇಕು.

ಮುಂದೆ ಹಿಂದೆ ಗುರುತು ಮಾಡಿ. ಸೆಂಟರ್ ಬೋಲ್ಟ್‌ನಿಂದ ಎರಡೂ ಕಣ್ಣಿಗೆ ಅಳತೆ ತೆಗೆದು ನೋಡಿ. ಬಹಳಷ್ಟು ಗಾಡಿಗಳಲ್ಲಿ ಎರಡು ಭಾಗ ಸಮ ಇರುವುದಿಲ್ಲ, ಸಮ ಇಲ್ಲದಿದ್ದರೆ ಸಾಮಾನ್ಯವಾಗಿ ಗಿಡ್ಡ ಭಾಗ ಮುಂದಕ್ಕೆ. ಬಿಚ್ಚುವಾಗ ಸೀಮೆಸುಣ್ಣದಿಂದ ಬರೆದಿದ್ದರೆ ಉಜ್ಜುವಾಗ ಅಳಿಸಿ ಹೋಗಿರುತ್ತದೆ, ಅದಕ್ಕೇ ಫೋಟೋ ತೆಗೆದಿಡಿ ಅನ್ನುವುದು.

ಬುಶ್‌ಗೆ ಗ್ರೀಸ್ ಹಚ್ಚಬೇಡಿ, ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಖನಿಜ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು, ಆಮೇಲೆ ಒಣಗಿ ಹಿಡಿದುಕೊಳ್ಳುತ್ತದೆ. ಹೊರಗೆ ಉಕ್ಕಿನ ಕವಚ ಇರುವ ಬುಶ್ ಆದರೆ ಬೆಂಚ್ ವೈಸ್‌ನಲ್ಲಿ ಒತ್ತಬೇಕು: ಒಂದು ಕಡೆ ಬುಶ್‌ನ ಹೊರ ಅಂಚಿಗೆ ಸರಿಹೊಂದುವ ಸಾಕೆಟ್, ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಕೊಳವೆ ತುಂಡು. ಹೊರ ಕವಚವನ್ನೇ ಒತ್ತಬೇಕು, ಒಳ ಕೊಳವೆಯನ್ನು ಒತ್ತಿದರೆ ಹೊಸ ಬುಶ್ ಅಲ್ಲೇ ಹಾಳು. ಅರ್ಧ ಹೋಗಿ ಸೊಟ್ಟಗಾದರೆ ಹೊರಗೆ ತೆಗೆದು ಮತ್ತೆ ನೇರ ಹಿಡಿಯಿರಿ. ಹತೋಡಿಯಿಂದ ಬಡಿದು ಸರಿ ಮಾಡಲು ಹೋಗಿ ನಾನು ಒಂದು ಬುಶ್ ಕೆಡಿಸಿದ್ದೇನೆ. ಎರಡು ಅರ್ಧದ ಬರೀ ರಬ್ಬರ್ ಬುಶ್ ಆದರೆ ಕೈಯಲ್ಲೇ ಹೋಗುತ್ತದೆ, ವೈಸ್‌ನ ಕೆಲಸವೇ ಇಲ್ಲ.

ಇಲ್ಲಿ ಸಿಗದ ಸಾಮಾನಿಗೆ ನಾನು ಹೈದರಾಬಾದ್‌ನ ರಾಣಿಗಂಜ್‌ಗೆ ಹೋಗುತ್ತೇನೆ. ಹಳೇ ಬುಶ್ ಕಿಸೆಯಲ್ಲಿ ಹಾಕಿಕೊಂಡೇ ಹೋಗಿ. "ಅಂಬಾಸಿಡರ್‌ದು" ಅಂತ ಬಾಯಲ್ಲಿ ಹೇಳಿದರೆ ಮೂರು ಥರದ್ದು ಮುಂದಿಡುತ್ತಾರೆ.

ಆಕ್ಸಲ್ ಒಳಗೆ

ಆಕ್ಸಲ್ ಪಾಟಾದ ಮೇಲೆ ಕೂರುವುದರಿಂದ ಮೊದಲು ಎರಡೂ ಪಾಟಾ ಕಟ್ಟಿ ಆಮೇಲೆ ಆಕ್ಸಲ್ ತೂರಿಸಲು ಹೋದರೆ ಪೇಚಾಟ. ಕ್ರಮ ಹೀಗೆ ಇಟ್ಟುಕೊಳ್ಳಿ. ಹೌಸಿಂಗ್‌ನ ಡಿಫರೆನ್ಷಿಯಲ್ ಬುರುಡೆ ಕೆಳಗೆ ಟ್ರಾಲಿ ಜಾಕ್, ಎರಡು ತುದಿಯಲ್ಲಿ ಇಬ್ಬರು. ಆಕ್ಸಲ್ ಅನ್ನು ಗಾಡಿ ಕೆಳಗೆ ತಳ್ಳಿ, ತನ್ನ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಎತ್ತಿ, ಎರಡೂ ತುದಿಗೆ ಆಸರೆ ಕೊಡಿ. ಬರೀ ಜಾಕ್ ಮೇಲೆ ಬಿಟ್ಟರೆ ಅದು ತೊಟ್ಟಿಲಿನಂತೆ ಓಲಾಡುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದ ದಂಡ) ಕೂರುವ ಮುಖ ಮುಂದಕ್ಕೆ ಇದೆಯಾ ಅಂತ ನೋಡಿ. ನಗಬೇಡಿ, ದಣಿದಾಗ ಏನು ಬೇಕಾದರೂ ಆಗುತ್ತದೆ.

ಈಗ ಒಂದು ಪಾಟಾ ತೆಗೆದುಕೊಳ್ಳಿ. ಮುಂದಿನ ಕಣ್ಣು ಬ್ರಾಕೆಟ್‌ಗೆ, ಬೋಲ್ಟ್ ತೂರಿಸಿ, ನಟ್ಟು ಕೈಯಲ್ಲಿ ಮಾತ್ರ ತಿರುಗಿಸಿ. ಬೋಲ್ಟ್‌ನ ನಡು ಭಾಗಕ್ಕೆ ಚೂರು ಗ್ರೀಸ್ ಇರಲಿ, ಮುಂದಿನ ಸಲ ಬಿಚ್ಚುವವರು ನಿಮಗೆ ಬೈಯುವುದಿಲ್ಲ. ರಬ್ಬರ್‌ಗೆ ತಾಗದಿದ್ದರೆ ಸಾಕು. ಹಿಂದಿನ ತುದಿ ಮೇಲೆತ್ತಿ ಶ್ಯಾಕಲ್‌ಗೆ ಜೋಡಿಸಿ. ಶ್ಯಾಕಲ್ ಅಂದರೆ ಉಯ್ಯಾಲೆಯ ಹಾಗೆ ತೂಗುವ ಎರಡು ಪಟ್ಟಿ. ಪಾಟಾ ಚಪ್ಪಟೆಯಾದಾಗ ಉದ್ದ ಆಗುತ್ತದಲ್ಲ, ಆ ಉದ್ದ ಹೋಗಲು ಜಾಗ ಅದು. ಇಲ್ಲಿಯೂ ನಟ್ಟು ಕೈ ಬಿಗಿ ಅಷ್ಟೇ. ಇನ್ನೊಂದು ಕಡೆಯೂ ಹೀಗೇ.

ಆಮೇಲೆ ಜಾಕ್ ಮೆಲ್ಲಗೆ ಇಳಿಸಿ. ಸೆಂಟರ್ ಬೋಲ್ಟ್ ತಲೆ ಹೌಸಿಂಗ್‌ನ ತೂತಿಗೆ ಬರಬೇಕು. ಇಲ್ಲಿ ಕಣ್ಣನ್ನು ನಂಬಬೇಡಿ, ಬೆರಳು ಹಾಕಿ ಮುಟ್ಟಿ ನೋಡಿ. ಅಲ್ಲ, ತಡೆಯಿರಿ, ಭಾರ ಇಳಿಯುವಾಗ ಬೆರಳು ಬೇಡ! ಜಾಕ್ ನಿಲ್ಲಿಸಿ, ಆಸರೆ ಕೊಟ್ಟು, ಟಾರ್ಚ್ ಹಿಡಿದು, ಅಂತರ ಇದೆಯಾ ನೋಡಿ. ಬೋಲ್ಟ್ ತಲೆ ತೂತಿಗೆ ಕೂರದೇ ಅಂಚಿನ ಮೇಲೆ ನಿಂತಿದ್ದರೆ ಯು ಬೋಲ್ಟ್ ಬಿಗಿದಾಗ ಎಲ್ಲ ಸರಿ ಅನ್ನಿಸುತ್ತದೆ, ರಸ್ತೆಯಲ್ಲಿ ಒಂದು ದಿನ ಆಕ್ಸಲ್ ಸೊಟ್ಟಗೆ ಸರಿಯುತ್ತದೆ. ಕೂರದಿದ್ದರೆ ಉದ್ದ ಸರಳಿನಿಂದ ಆಕ್ಸಲ್ ಅನ್ನು ಅತ್ತಿತ್ತ ಮೀಟಿ. ಶ್ಯಾಕಲ್ ಸಡಿಲ ಇರುವುದರಿಂದ ಪಾಟಾ ಕೇಳುತ್ತದೆ.

ಯು ಬೋಲ್ಟ್ ಹೊಸದೇ ಇರಲಿ. ಹಳೆಯದರ ಎಳೆ ಎಳೆದುಕೊಂಡಿರುತ್ತದೆ, ಎರಡನೇ ಸಲ ಬಿಗಿ ನಿಲ್ಲುವುದಿಲ್ಲ. ಲೇತ್ ಅಂಗಡಿಯಲ್ಲಿ ಮೆದು ಕಬ್ಬಿಣದ ಸರಳು ಬಗ್ಗಿಸಿ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇವೆ ಅನ್ನುತ್ತಾರೆ, ಅದು ಗೇಟಿಗೆ ಆದೀತು, ಗಾಡಿಗಲ್ಲ. ಕೆಳಗಿನ ಪ್ಲೇಟ್ ಹಾಕಿ ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುವುದು ನಟ್ಟಿನ ಕೆಳಗೆ ಇಣುಕುವ ಎಳೆಯಿಂದ. ನಾಲ್ಕೂ ಕಡೆ ಸಮ ಉದ್ದ ಇರಬೇಕು. ಯು ಬೋಲ್ಟ್ ರಬ್ಬರ್ ಬುಶ್ ಅಲ್ಲ, ಹಾಗಾಗಿ ಇದನ್ನು ಗಾಡಿ ಮೇಲಿದ್ದಾಗಲೇ ಚೆನ್ನಾಗಿ ಬಿಗಿಯಬಹುದು, ನೆಲಕ್ಕೆ ಬಂದ ಮೇಲೆ ಇನ್ನೊಂದು ಸಲ.

ಎಷ್ಟು ಬಿಗಿ? ನಿಮ್ಮ ಮಾಡೆಲ್‌ನ ರಿಪೇರಿ ಪುಸ್ತಕ ನೋಡಿ, ನೋಡಿದಾಗ ಅಳತೆ ಯಾವುದು ಅಂತಲೂ ನೋಡಿ. ಪುಸ್ತಕದಲ್ಲಿ ಫುಟ್ ಪೌಂಡ್, ಈಗಿನ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಮೇಲೆ ನ್ಯೂಟನ್ ಮೀಟರ್. 1.356ರಿಂದ ಗುಣಿಸಬೇಕು. 40 ಫುಟ್ ಪೌಂಡ್ ಅಂದರೆ 54 ನ್ಯೂಟನ್ ಮೀಟರ್. ಗುಣಿಸದೇ ರೆಂಚ್ ಅನ್ನು 40ಕ್ಕೆ ಇಟ್ಟು "ಕಟ್" ಅಂತು, ಮುಗಿಯಿತು ಅಂತ ಎದ್ದರೆ ಬೋಲ್ಟ್ ಕಾಲು ಭಾಗಕ್ಕಿಂತ ಜಾಸ್ತಿ ಸಡಿಲ ಇದೆ ಅಂತಲೇ ಅರ್ಥ.

ಶಾಕಪ್, ಬ್ರೇಕ್, ಶಾಫ್ಟ್

ಹೊಸ ಶಾಕಪ್ (ಶಾಕ್ ಅಬ್ಸಾರ್ಬರ್) ಅಡ್ಡ ಮಲಗಿಸಿಟ್ಟಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ನಿಲ್ಲುವ ಹಾಗೇ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ. ಮೊದಲು ನಡುವೆ ಖಾಲಿ ಖಾಲಿ ಅನ್ನಿಸುತ್ತದೆ, ಆಮೇಲೆ ಒಂದೇ ಸಮ ಬಿಗಿ ಬರಬೇಕು. ಬರದಿದ್ದರೆ ಅಂಗಡಿಗೆ ವಾಪಸ್. ಹೊಳೆಯುವ ದಂಡವನ್ನು ಇಕ್ಕಳದಿಂದ ಹಿಡಿಯಬೇಡಿ, ಒಂದು ಗೀರು ಸಾಕು ಸೀಲ್ ಹರಿಯಲು. ಶಾಕಪ್ ಬುಶ್‌ಗಳೂ ಈಗ ಕೈ ಬಿಗಿ ಮಾತ್ರ.

ಪ್ರೊಪೆಲ್ಲರ್ ಶಾಫ್ಟ್ ಫ್ಲಾಂಜ್ ಮೇಲೆ ಬಿಚ್ಚುವಾಗ ಹಾಕಿದ ಗುರುತು ಎದುರುಬದುರು ಬರಲಿ. ಗುರುತು ಹಾಕಿಲ್ಲದಿದ್ದರೆ ಈಗ ಮಾಡುವುದೇನಿಲ್ಲ, ಓಡಿಸಿದಾಗ ನಡುಕ ಬಂದರೆ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ನೋಡಿ. ಬಾಡಿಯಿಂದ ಆಕ್ಸಲ್‌ಗೆ ಬರುವ ಬ್ರೇಕ್ ಹೋಸ್ ತಿರುಚಿರಬಾರದು, ಆಕ್ಸಲ್ ಪೂರ್ತಿ ಜೋತು ಬಿದ್ದಾಗಲೂ ಎಳೆಯಬಾರದು. ಹ್ಯಾಂಡ್ ಬ್ರೇಕ್ ಕೇಬಲ್ ಜೋಡಿಸಿ, ಬ್ರೇಕ್ ಗಾಳಿ ತೆಗೆಯಿರಿ. ಹೌಸಿಂಗ್‌ನ ಮೇಲಿರುವ ಸಣ್ಣ ಉಸಿರಾಟದ ತೂತು ಬಣ್ಣದಿಂದ ಮುಚ್ಚಿದೆಯಾ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಅದು ಮುಚ್ಚಿದರೆ ಒಳಗೆ ಬಿಸಿಗೆ ಒತ್ತಡ ಏರಿ, ಆಯಿಲ್ ಸೀಲ್ ದಾಟಿ ಬ್ರೇಕ್ ಡ್ರಮ್‌ಗೆ ಬರುತ್ತದೆ. ಕೊನೆಗೆ 90 ನಂಬರ್ ಇ.ಪಿ. ಗೇರ್ ಆಯಿಲ್, ಪ್ಲಗ್ ತೂತಿನ ಅಂಚಿನ ತನಕ.

ಆ ಕೊನೆಯ ಬಿಗಿ

ಗಾಲಿ ಹಾಕಿ, ಬಾಡಿ ಸ್ಟ್ಯಾಂಡ್ ತೆಗೆದು, ಗಾಡಿ ನೆಲಕ್ಕೆ ಇಳಿಸಿ. ಡಿಕ್ಕಿ ಹಿಡಿದು ನಾಲ್ಕೈದು ಸಲ ಜೋರಾಗಿ ಅದುಮಿ ಬಿಡಿ. ಸ್ವಲ್ಪ ಹಿಂದೆ ಮುಂದೆ ತಳ್ಳಿ. ಆಗ ಶ್ಯಾಕಲ್ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಪೆಟ್ರೋಲ್ ಅರ್ಧ ಟ್ಯಾಂಕ್, ಸ್ಟೆಪ್ನಿ ತನ್ನ ಜಾಗದಲ್ಲಿ. ಗಾಡಿ ದಿನಾ ಹೇಗೆ ಓಡುತ್ತದೋ ಆ ಭಾರದಲ್ಲಿ ಇರಬೇಕು.

ಈಗ ಕೆಳಗೆ ಹೋಗುವುದು ಹೇಗೆ ಅನ್ನುವುದು ಪ್ರಶ್ನೆ. ಅತ್ಯಂತ ಸುಲಭ ದಾರಿ ಸರ್ವಿಸಿಂಗ್ ಗುಂಡಿ. ಊರಲ್ಲಿ ಹಳೇ ಗ್ಯಾರೇಜ್‌ಗಳಲ್ಲಿ ಇನ್ನೂ ಇವೆ, ಅರ್ಧ ಗಂಟೆಗೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಅಲ್ಲಿಗೆ ಹೋಗುವ ತನಕ ಕೈ ಬಿಗಿಯ ನಟ್ಟುಗಳನ್ನು ಪಾನಾದಿಂದ ಸ್ವಲ್ಪ ಹಿಡಿಸಿಕೊಂಡು, ನಡಿಗೆಯ ವೇಗದಲ್ಲಿ ಹೋಗಿ. ತಲುಪಿದ ಮೇಲೆ ಎಲ್ಲ ಸಡಿಲಿಸಿ, ಮತ್ತೆ ಅದುಮಿ, ಆಮೇಲೆ ಬಿಗಿಯಿರಿ. ಗುಂಡಿ ಸಿಗದಿದ್ದರೆ ಮನೆಯಲ್ಲೇ ಇನ್ನೊಂದು ಉಪಾಯ: ಸ್ಟ್ಯಾಂಡ್‌ಗಳನ್ನು ಬಾಡಿ ಕೆಳಗೆ ಅಲ್ಲ, ಆಕ್ಸಲ್ ಕೆಳಗೆ ಕೊಡಿ, ಪಾಟಾ ಕೂರುವ ಜಾಗದ ಹತ್ತಿರವೇ. ಬಾಡಿ ಭಾರ ಪೂರ್ತಿ ಪಾಟಾ ಮೇಲೆ ಬರುತ್ತದೆ, ಪಾಟಾಕ್ಕೆ ಅದು ಗಾಲಿ ಮೇಲೆ ನಿಂತ ಹಾಗೇ.

ಈಗ ಬಿಗಿಯಬೇಕಾದವು: ಮುಂದಿನ ಕಣ್ಣು, ಶ್ಯಾಕಲ್‌ನ ಮೇಲಿನದು ಕೆಳಗಿನದು, ಶಾಕಪ್‌ನ ಎರಡೂ ತುದಿ, ಇನ್ನೊಂದು ಸಲ ಯು ಬೋಲ್ಟ್, ಎರಡೂ ಪಕ್ಕ. ಒಂದು ನಟ್ಟು ಬಿಗಿದ ಕೂಡಲೇ ಅದರ ಮೇಲೆ ಹಳದಿ ಬಣ್ಣದಿಂದ ನಟ್ಟು ಮತ್ತು ಬ್ರಾಕೆಟ್ ಎರಡನ್ನೂ ದಾಟುವ ಒಂದು ಗೆರೆ ಎಳೆಯಿರಿ. ಎಣಿಸಿ. ಗೆರೆ ಇಲ್ಲದ ನಟ್ಟು ಬಿಗಿಯದ ನಟ್ಟು, ಅಷ್ಟೇ ಲೆಕ್ಕ. ಮುಂದೆ ನಟ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ.

ಈಗ ಅಳತೆ. ಪರ್ಸಿ ನೆಲ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾಲ್ಕು ಗಾಲಿಯ ನಡು ಬಿಂದುವಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಕಲ್ಲಿನ ಮೇಲೆ ಚುಕ್ಕೆ ಹಾಕಿ. ಮುಂದಿನ ಗಾಲಿ ನೇರ ಇರಲಿ. ಗಾಡಿಯನ್ನು ಆ ಜಾಗದಿಂದ ಆಚೆ ತಳ್ಳಿ, ಎಡಗಡೆ ಮುಂದಿನ ಚುಕ್ಕೆಯಿಂದ ಹಿಂದಿನ ಚುಕ್ಕೆಗೆ, ಬಲಗಡೆಯೂ ಹಾಗೇ ಅಳೆಯಿರಿ. ಅಂಬಾಸಿಡರ್‌ಗೆ ಇದು ಸುಮಾರು 2464 ಮಿಮೀ. ಆ ಅಂಕಿಗಿಂತ ಮುಖ್ಯ ಎರಡು ಕಡೆಯೂ ಸಮ ಇರುವುದು. ನನ್ನದರಲ್ಲಿ 3 ಮಿಮೀ ವ್ಯತ್ಯಾಸ ಇದೆ, ಅಷ್ಟಕ್ಕೆ ತಲೆ ಕೆಡಿಸಿಕೊಂಡಿಲ್ಲ. 10 ಮಿಮೀ ಬಂದರೆ ಮಾತ್ರ ಆ ಸೆಂಟರ್ ಬೋಲ್ಟ್ ತಲೆಯನ್ನು ಮತ್ತೆ ನೆನಪು ಮಾಡಿಕೊಳ್ಳಿ.

ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನ. ನಾನು ಬೆಳಗಿನ ಜಾವ ಜೇವರ್ಗಿ ರಸ್ತೆ ಹಿಡಿದೆ. ಹಂಪ್ ಮೇಲೆ ಟಕ್ ಅಂದರೆ ಯು ಬೋಲ್ಟ್ ಅಥವಾ ಶಾಕಪ್ ನಟ್ಟು ನೋಡಿ. ಕಿರ್ ಅಂದರೆ ಬುಶ್ ಅಥವಾ ಪಾಟಾಗಳ ನಡುವೆ. ಗುಂಯ್ ಅಂತ ವೇಗದ ಜೊತೆ ಏರಿದರೆ ಅದು ಸಸ್ಪೆನ್ಷನ್ ಅಲ್ಲ, ಡಿಫರೆನ್ಷಿಯಲ್, ಬೇರೆಯದೇ ಕಥೆ. 100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್ ನಟ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಪಾಟಾಗಳು ಒಂದರ ಮೇಲೊಂದು ಕೂತು ಚೂರು ಸಡಿಲ ಬಿಡುವುದು ಸಹಜ. ನನಗೆ ನಾಲ್ಕೂ ನಟ್ಟು ಹತ್ತಿರ ಹತ್ತಿರ ಕಾಲು ಸುತ್ತು ತಿರುಗಿದವು. ಹಳದಿ ಗೆರೆ ಒರೆಸಿ ಹೊಸದು ಎಳೆದೆ. 1000 ಕಿಲೋಮೀಟರ್‌ಗೆ ಮತ್ತೆ ನೋಡಿದಾಗ ಗೆರೆಗಳು ಎಳೆದ ಹಾಗೇ ಇದ್ದವು.